ಮೂವತ್ತೇಳನೇ ಫೋಟೋ

ಮೊದಲನೇ ದಿನ

ತಾಳಗುಪ್ಪದಲ್ಲಿ ರೈಲು ನಿಂತಾಗ ಯಾರಿಗೂ ಗಡಿಬಿಡಿ ಇರೋದಿಲ್ಲ. ಅಲ್ಲಿಂದ ಮುಂದೆ ಹಳಿಯೇ ಇಲ್ಲವಲ್ಲ. ಹಿಂದಿನ ಸಂಜೆ ಮೈಸೂರಿನಲ್ಲಿ ಹತ್ತಿದವಳು ಸಾಗರ ದಾಟಿದ ಮೇಲೆ ಎದ್ದು, ಬ್ಯಾಗ್ ಎಣಿಸಿದೆ. ಮದುವೆ ಫೋಟೋದವರ ಮೊದಲ ಕೆಲಸ ಬ್ಯಾಗ್ ಎಣಿಸೋದು. ಕೊನೇ ಕೆಲಸವೂ ಅದೇ.

ಕ್ಯಾಮೆರಾ ಬ್ಯಾಗ್ ಎರಡು, ಲೈಟಿನದ್ದು ಒಂದು, ಟ್ರೈಪಾಡ್, ಬಟ್ಟೆ. ಜೊತೆಗೆ ಹೆಗಲಲ್ಲಿ ಒಂದು ಸಣ್ಣ ಬಟ್ಟೆ ಚೀಲ. ಅದರೊಳಗೆ ಅಪ್ಪನ ಪೆಂಟಾಕ್ಸ್ ಕೆ1000. ರೀಲು ಹಾಕುವ ಕ್ಯಾಮೆರಾ. ಈಗಿನ ಹುಡುಗರಿಗೆ ರೀಲು ಅಂದರೆ ಮೊಬೈಲಿನಲ್ಲಿ ಕುಣಿಯೋದು. ನಮ್ಮಮ್ಮನಿಗೆ ರೀಲು ಅಂದರೆ ಅಪ್ಪ ಬಿಡುತ್ತಿದ್ದದ್ದು. ನಾನು ಹೇಳ್ತಿರೋದು ಡಬ್ಬಿಯಲ್ಲಿ ಸುತ್ತಿಕೊಂಡು ಬರುವ ಫಿಲ್ಮಿನ ವಿಷಯ.

ಅಪ್ಪನಿಗೆ ಮೈಸೂರಿನಲ್ಲಿ ಸಣ್ಣ ಸ್ಟುಡಿಯೋ ಇತ್ತು. ಆಗೆಲ್ಲ ಮದುವೆಗೆ ಇಷ್ಟು ರೀಲು ಅಂತ ಮೊದಲೇ ಮಾತಾಗುತ್ತಿತ್ತು. ಒಂದು ರೀಲಿಗೆ 36 ಫೋಟೋ. ಆದರೆ ಫಿಲ್ಮಿನ ತುದಿಯನ್ನು ಜಾಸ್ತಿ ಎಳೆಯದೆ ಹುಷಾರಾಗಿ ಸಿಕ್ಕಿಸಿದರೆ 37 ಬರುತ್ತೆ. ಅದೃಷ್ಟ ಇದ್ದರೆ 38. ಮೂವತ್ತಾರು ಮದುವೆ ಮನೆಯವರದ್ದು, ಮೂವತ್ತೇಳನೆಯದು ತನ್ನದು ಅನ್ನೋರು ಅಪ್ಪ. ಅದರಲ್ಲಿ ಅಡುಗೆ ಭಟ್ಟರು ಬರೋರು. ಓಲಗ ಕೆಳಗಿಟ್ಟು ಬೀಡಿ ಹಚ್ಚಿದವರು ಬರೋರು. ಮೂಲೆಯಲ್ಲಿ ಕೂತು ಹೂ ಕಟ್ಟುವ ಅಜ್ಜಿ ಬರೋಳು.

ಎಷ್ಟೋ ವರ್ಷ ಆದಮೇಲೆ ಆ ಮನೆಯವರು ಸ್ಟುಡಿಯೋ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಅಮ್ಮ ಹೋಗ್ಬಿಟ್ರು. ಒಂದೂ ಫೋಟೋ ಇಲ್ಲ." ಆಲ್ಬಮ್ಮಿನಲ್ಲಿ ನೂರಕ್ಕೂ ಜಾಸ್ತಿ ಫೋಟೋ ಇರುತ್ತಿದ್ದವು. ಎಲ್ಲದರಲ್ಲೂ ಆಕೆ ಗ್ರೂಪಿನ ಹಿಂದಿನ ಸಾಲಿನಲ್ಲಿ, ಮುಖ ಕಾಳುಮೆಣಸಿನಷ್ಟು. ಅದನ್ನು ದೊಡ್ಡದು ಮಾಡಿದರೆ ಮುಖ ಹೋಗಿ ಬರೀ ಮರಳು ಮರಳು ಕಾಣೋದು. ಆಗ ಅಪ್ಪ ಅಟ್ಟದಿಂದ ನೆಗೆಟಿವ್ ಡಬ್ಬ ಇಳಿಸಿ ಮೂವತ್ತೇಳನೆಯದನ್ನು ಹುಡುಕೋರು.

ಈಗ ಒಂದು ಮದುವೆಗೆ ನಾನು ನಾಲ್ಕು ಸಾವಿರ ಕ್ಲಿಕ್ ಮಾಡ್ತೀನಿ. ನಾಲ್ಕು ಸಾವಿರದಲ್ಲಿ ಮೂವತ್ತೇಳನೆಯದು ಯಾವುದು ಅಂತ ಹೇಗೆ ಹೇಳೋದು? ಅದಕ್ಕೇ ಊರೂರಿಗೆ ಈ ಮುದಿ ಕ್ಯಾಮೆರಾ ಹೊತ್ತುಕೊಂಡು ಹೋಗ್ತೀನಿ. ಪ್ರಯಾಣಕ್ಕೆ ಒಂದೇ ರೀಲು, ಕಪ್ಪು ಬಿಳುಪು. ಐದು ದಿನ ಇದ್ದರೂ ಒಂದೇ.

ಸಿದ್ದಾಪುರ ದಾಟಿ ಶಿರಸಿ ಹತ್ತಿರದ ಹಳ್ಳಿ ತಲುಪುವಾಗ ಏಪ್ರಿಲ್ ಬಿಸಿಲು ಏರಿತ್ತು. ಹವ್ಯಕರ ಮನೆ, ಹೆಣ್ಣಿನ ಕಡೆಯವರು. ಛತ್ರ ಬೇಡ, ಮನೆ ಅಂಗಳದಲ್ಲೇ ಆಗಬೇಕು ಅಂತ ಮದುಮಗಳೇ ಹಟ ಹಿಡಿದಿದ್ದಳಂತೆ. ಅಂಗಳದ ತುಂಬ ಅಡಿಕೆ ಮರದ ಕಂಬ ನೆಟ್ಟು, ಸೀಳಿದ ಅಡಿಕೆ ಮರದ ದಬ್ಬೆ ಕಟ್ಟಿ, ಮೇಲೆ ಅಡಿಕೆ ಗರಿಯ ಸೋಗೆ ಹೊದಿಸಿದ ಚಪ್ಪರ. ಚಪ್ಪಲಿ ಬಿಡುವಷ್ಟರಲ್ಲಿ ಒಳಗಿಂದ ಒಬ್ಬರು, "ತಂಗೀ, ಆಸ್ರಿಗೆ ಎಂತ ಬೇಕು?" ಅಂದರು. ಕುಡಿಯಲು ಏನು ಕೊಡಲಿ ಅಂತ. ಮಜ್ಜಿಗೆ ಅಂದೆ. ದೊಡ್ಡ ಲೋಟದಲ್ಲಿ ಬಂತು, ಖಾಲಿ ಆಗುವ ಮೊದಲೇ ಇನ್ನೊಂದು ಬಂತು.

ಗಂಡಿನ ಕಡೆಯಿಂದ ವಾಟ್ಸಾಪಿನಲ್ಲಿ ಪಟ್ಟಿ ಬಂದಿತ್ತು. ಇಂಥಿಂಥ ಫೋಟೋ ಬೇಕು ಅಂತ ಅರವತ್ತೆರಡು ಐಟಂ. ಬಳೆ ಹಾಕಿಕೊಳ್ಳುವುದು, ಕಿಟಕಿ ನೋಡುವುದು, ಕಿಟಕಿ ನೋಡಿ ನಗುವುದು. ಎಲ್ಲ ಇನ್ಯಾರದ್ದೋ ಮದುವೆಯಲ್ಲಿ ಆಗಿಹೋದ ಫೋಟೋಗಳು. ಅದರಲ್ಲಿ ಅಜ್ಜ ಅಜ್ಜಿ ಅನ್ನೋ ಪದ ಒಂದು ಕಡೆ ಮಾತ್ರ ಇತ್ತು, "ಫ್ಯಾಮಿಲಿ ಗ್ರೂಪ್" ಎಂಬ ಸಾಲಿನಲ್ಲಿ.

ಅಜ್ಜ ಸಿಕ್ಕಿದ್ದು ಸಂಜೆ, ಜಗುಲಿಯ ತುದಿಯಲ್ಲಿ. ಮದುಮಗಳ ತಂದೆಯ ತಂದೆ. ಎಂಬತ್ತು ದಾಟಿದೆ. ಪಂಚೆ, ಹೆಗಲ ಮೇಲೆ ಒಂದು ಟವೆಲ್. ಮನೆ ತುಂಬ ಮದುವೆ ಗೌಜಿ ಇದ್ದರೂ ಅವರ ಪಾಡಿಗೆ ಅವರು ಒಣಗಿದ ಅಡಿಕೆ ಸುಲಿಯುತ್ತಿದ್ದರು. ಪಕ್ಕದ ಬಾಗಿಲಿನಿಂದ ಒಳ್ಳೆ ಬೆಳಕು ಬೀಳುತ್ತಿತ್ತು. "ಅಜ್ಜ, ನಿಮ್ಮದೊಂದು ಫೋಟೋ ತೆಗೀಲಾ?" ಅಂದೆ.

ಕೈ ನಿಲ್ಲಿಸದೆ ಕೇಳಿದರು: "ಎಂತಕ್ಕೆ? ಗ್ವಾಡೆಗೆ ಹಾಕಲಾ?"

ಇಷ್ಟು ವರ್ಷದಲ್ಲಿ ನನ್ನನ್ನು ಹೀಗೆ ನೇರವಾಗಿ ಹಿಡಿದವರು ಯಾರೂ ಇಲ್ಲ. ಗೋಡೆಗೆ ಹಾಕೋಕೇ ತಾನೆ? ಅಲ್ಲ ಅಂದರೆ ಸುಳ್ಳು, ಹೌದು ಅನ್ನೋಕೆ ಬಾಯಿ ಬರಲಿಲ್ಲ. ಸುಮ್ನೆ ನಕ್ಕು ಒಳಗೆ ಬಂದೆ. ಅವತ್ತು ರೀಲಿನಲ್ಲಿ ಮೂರು ಖರ್ಚಾಯಿತು. ಮಜ್ಜಿಗೆ ಲೋಟ, ಬಚ್ಚಲಿನ ಹಂಡೆ, ಹಂಡೆಯ ಮುಂದೆ ಬೆಂಕಿ ಊದುತ್ತಿದ್ದ ಹುಡುಗ.

ಎರಡನೇ ದಿನ

ಬೆಳಗ್ಗೆ ಹತ್ತಕ್ಕೆ ಸಮಸ್ಯೆ ಶುರುವಾಯಿತು. ಸೋಗೆಯ ಚಪ್ಪರ ಕಣ್ಣಿಗೆ ಚೆಂದ, ಕ್ಯಾಮೆರಾಗೆ ಶನಿ. ಸಂದಿ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಇಳಿಯುತ್ತವೆ. ಮಂಟಪದಲ್ಲಿ ಮದುಮಗಳನ್ನು ಕೂರಿಸಿದಾಗ ಒಂದು ಚುಕ್ಕೆ ಹಣೆಗೆ, ಒಂದು ಮೂಗಿಗೆ, ಎರಡು ಕೆನ್ನೆಗೆ. ಸಿಡುಬು ಎದ್ದ ಹಾಗೆ. ಚುಕ್ಕೆಗೆ ಬೆಳಕಿನ ಅಳತೆ ಹಿಡಿದರೆ ಮುಖ ಕಪ್ಪು, ಮುಖಕ್ಕೆ ಹಿಡಿದರೆ ಚುಕ್ಕೆ ಬೆಳ್ಳಗೆ ಉರಿದುಹೋಗುತ್ತೆ. ಫ್ಲ್ಯಾಶ್ ಹೊಡೆದರೆ ಚಪ್ಪರದ ಅಂದವೇ ಸತ್ತುಹೋಗುತ್ತೆ.

ಅಡುಗೆ ಮನೆ ಕಡೆಯಿಂದ ಬರುತ್ತಿದ್ದ ಇಬ್ಬರು ಹುಡುಗರನ್ನು ಹಿಡಿದೆ. "ಎರಡು ಬಿಳಿ ಪಂಚೆ ಸಿಗುತ್ತಾ?" ಯಾರ ಪಂಚೆ ಅಂತ ನಾನು ಕೇಳಲಿಲ್ಲ. ಒಬ್ಬ ಕಂಬ ಹತ್ತಿ ಸೋಗೆಯ ಮೇಲೆ ಹಾಸಿದ. ಕೆಳಗೆ ಚುಕ್ಕೆಗಳು ಒಂದೊಂದಾಗಿ ಆರಿದವು. ಮಂಟಪದ ಮೇಲೆ ಹಾಲಿನಂಥ ಬೆಳಕು ನಿಂತಿತು. ಬೆಳಕನ್ನು ಮೆದು ಮಾಡೋಕೆ ಅಂತ ಸಾವಿರಾರು ರೂಪಾಯಿ ಕೊಟ್ಟು ತಂದ ನನ್ನ ಸಾಫ್ಟ್‌ಬಾಕ್ಸ್ ಇಡೀ ದಿನ ಬ್ಯಾಗಿನಿಂದ ಹೊರಗೆ ಬರಲಿಲ್ಲ. ಮಧ್ಯಾಹ್ನ ಗಂಡಿನ ಕಡೆಯ ಮಾವಯ್ಯ ಒಬ್ಬರು ತಮ್ಮ ಪಂಚೆ ಹುಡುಕುತ್ತಿದ್ದರು. ನಾನು ಆ ಕಡೆ ತಿರುಗಲಿಲ್ಲ.

ಅಂತರಪಟ ಸರಿಯುವ ಹೊತ್ತು ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಚಿಟ್ಟೆ ಆಡುತ್ತೆ. ಮಂಗಳಾಷ್ಟಕ ಮುಗಿಯುತ್ತಿರುತ್ತೆ, ಬಟ್ಟೆಯ ಆಚೆ ಅವನು, ಈಚೆ ಇವಳು. ಬಟ್ಟೆ ಇಳಿದ ಮೇಲೆ ಇಬ್ಬರೂ ಮದುಮಕ್ಕಳ ಮುಖ ಹಾಕಿಕೊಳ್ಳುವ ಮೊದಲು ಅರ್ಧ ಸೆಕೆಂಡು ಸಿಗುತ್ತೆ, ಅಷ್ಟೇ. ಈ ಹುಡುಗ ಆ ಅರ್ಧ ಸೆಕೆಂಡಿನಲ್ಲಿ ಆಕಳಿಸಿದ! ನಿದ್ದೆಗೆಟ್ಟಿದ್ದ, ಪಾಪ. ಹುಡುಗಿ ನೋಡಿಬಿಟ್ಟಳು, ತುಟಿ ಕಚ್ಚಿ ನಗು ತಡೆದಳು. ಪಟ್ಟಿಯ ಅರವತ್ತೆರಡರಲ್ಲಿ ಇದಿರಲಿಲ್ಲ. ಆಲ್ಬಮ್ಮಿನ ಮೊದಲ ಪುಟಕ್ಕೆ ಇದನ್ನೇ ಹಾಕ್ತೀನಿ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಮಾಂಗಲ್ಯ ಕಟ್ಟುವಾಗ ಮಾತ್ರ ಪೆಟ್ಟು ಬಿತ್ತು. ಸರಿಯಾಗಿ ಆ ಗಳಿಗೆಗೆ ಒಬ್ಬರು ದೊಡ್ಡ ಟ್ಯಾಬ್ ಹಿಡಿದು ನನ್ನ ಮುಂದೆ ಎದ್ದು ನಿಂತರು. ಬೆನ್ನು, ಬೆನ್ನಿನ ಮೇಲೆ ಎರಡು ಕೈ, ಕೈಯಲ್ಲಿ ತಟ್ಟೆಯಂಥ ಟ್ಯಾಬ್. ಸರಿಯಲು ಜಾಗವಿಲ್ಲ, ಕೂಗಿದರೆ ಓಲಗದಲ್ಲಿ ಕೇಳೋದಿಲ್ಲ. ಇನ್ನೇನು ಮಾಡೋದು, ಟ್ಯಾಬಿಗೇ ಫೋಕಸ್ ಮಾಡಿದೆ. ಅದರ ಪರದೆಯಲ್ಲಿ ತಾಳಿ, ಎರಡು ಬೆರಳು, ಬಗ್ಗಿದ ಕತ್ತು ಚೆನ್ನಾಗೇ ಕಾಣುತ್ತಿತ್ತು. ಸುತ್ತಲೂ ಹೊಗೆ, ಅಕ್ಷತೆ. ನನ್ನ ಸಹಾಯಕ ಹುಡುಗ ಇನ್ನೊಂದು ಬದಿಯಿಂದ ಸರಿಯಾದ ಫೋಟೋ ತೆಗೆದಿದ್ದಾನೆ, ಮನೆಯವರಿಗೆ ಅದು ಸಾಕು. ಆದರೆ ಈಗಿನ ಮದುವೆ ಹೇಗಿರುತ್ತೆ ಅಂತ ಐವತ್ತು ವರ್ಷ ಬಿಟ್ಟು ಯಾರಾದರೂ ಕೇಳಿದರೆ ನಾನು ಟ್ಯಾಬಿನದ್ದನ್ನೇ ತೋರಿಸೋದು.

ಲಾಜಾಹೋಮದಲ್ಲಿ ಅಣ್ಣ ತಂಗಿಯ ಬೊಗಸೆಗೆ ಅರಳು ಸುರಿದ. ಹೊಗೆಯಲ್ಲಿ ಆಟೋಫೋಕಸ್ ಹಿಂದೆ ಮುಂದೆ ಓಡಾಡಿ ಸುಸ್ತಾಯಿತು. ಕೈಯಿಂದಲೇ ತಿರುಗಿಸಿಕೊಂಡೆ. ಅಣ್ಣ ಅಳುತ್ತಿದ್ದ. ಹೊಗೆಗೆ ಅಂದ.

ಫೋಟೋದವರಿಗೆ ಊಟ ಯಾವಾಗಲೂ ಕಡೇ ಪಂಕ್ತಿಯಲ್ಲಿ. ನನಗೇನೂ ಬೇಜಾರಿಲ್ಲ. ಬಡಿಸುವವರು, ಪಾತ್ರೆ ತೊಳೆಯುವವರು, ಓಲಗದವರು, ನಾವು. ಮೊದಲ ಪಂಕ್ತಿಗಳಲ್ಲಿ ಒಬ್ಬೊಬ್ಬರಾಗಿ ಶ್ಲೋಕ ಹೇಳಿ, ಕೊನೆಗೆ ಎಲ್ಲರೂ ಸೇರಿ "ಹರಹರ ಮಹಾದೇವ" ಅಂತ ಚಪ್ಪರ ಹಾರುವ ಹಾಗೆ ಕೂಗಿದ್ದರು. ನಮ್ಮ ಪಂಕ್ತಿಯಲ್ಲಿ ಬರೀ ಸೊರಸೊರ ಶಬ್ದ. ಅಪ್ಪೆಹುಳಿ ಕುಡಿಯುವ ಶಬ್ದ ಅದು. ಕಾಡುಮಾವಿನ ಹುಳಿಗೆ ಇಂಗಿನ ಒಗ್ಗರಣೆ. ಅದನ್ನು ಕುಡಿದ ಮೇಲೆ ಮನುಷ್ಯ ಕೆಲಸ ಮಾಡಬಾರದು, ಮಲಗಬೇಕು. ನಾವು ಹೆಣ್ಣು ಕಳಿಸುವ ಫೋಟೋಗೆ ಓಡಿದೆವು.

ಮೂರನೇ ದಿನ

ವಿಡಿಯೋದವರು, ಡ್ರೋನ್ ಹುಡುಗ, ನನ್ನ ಸಹಾಯಕ, ಎಲ್ಲರೂ ರಾತ್ರಿಯೇ ಹೊರಟರು. ನಾನು ಉಳಿದೆ. ಮದುಮಗಳ ತಾಯಿ, "ಎರಡು ದಿನ ಇದ್ದು ಹೋಗು ತಂಗಿ, ಮನೆ ಖಾಲಿ ಖಾಲಿ ಅನ್ಸ್ತದೆ" ಅಂದಿದ್ದರು. ದುಡ್ಡಿನ ಕೆಲಸ ಮುಗಿದಿತ್ತು. ನನಗೆ ಮದುವೆಯ ಮಾರನೇ ದಿನದ ಮನೆ ಅಂದರೆ ಆಸೆ. ಬಾಡಿದ ಮಾವಿನ ತೋರಣ, ಜಗುಲಿಯಲ್ಲಿ ಸುರುಳಿ ಸುತ್ತಿ ಮಲಗಿದ ನೆಂಟರು, ಒಂಟಿ ಚಪ್ಪಲಿಗಳು. ಯಾರೂ ಈ ದಿನಕ್ಕೆ ಫೋಟೋದವರನ್ನು ಕರೆಯೋದಿಲ್ಲ.

ಹಿತ್ತಲ ಒಲೆಯ ಮುಂದೆ ದೊಡ್ಡಮ್ಮ ಒಬ್ಬರು ತೊಡೆದೇವು ಮಾಡುತ್ತಿದ್ದರು. ಬೆಂಗಳೂರಿಗೆ ವಾಪಸ್ ಹೋಗುವ ನೆಂಟರಿಗೆ ಕಟ್ಟಿಕೊಡೋಕೆ. ಮಣ್ಣಿನ ಗಡಿಗೆ ಬೋರಲು, ಅದರ ಹೊಟ್ಟೆಯೊಳಗೆ ಬೆಂಕಿ. ಮೇಲೆ ಎಣ್ಣೆ ಸವರಿದ್ದಾರೆ. ಅಕ್ಕಿ ಹಿಟ್ಟಿಗೆ ಬೆಲ್ಲ ಸೇರಿಸಿದ ನೀರಾದ ಹಿಟ್ಟು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಗಡಿಗೆಯ ಬೆನ್ನಿನ ಮೇಲೆ ಒಂದೇ ಬೀಸಿಗೆ ಎಳೆಯುತ್ತಾರೆ. ಚುಂಯ್ ಅನ್ನುತ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಚು ಮೇಲೇಳುತ್ತೆ. ಉಗುರಿನಿಂದ ಎಬ್ಬಿಸಿ, ಬಿಸಿ ಇರುವಾಗಲೇ ಮೂರು ಮೂಲೆಗೆ ಮಡಚುತ್ತಾರೆ. ತಡವಾದರೆ ಹಪ್ಪಳದ ಹಾಗೆ ಒಡೆಯುತ್ತೆ. ಬೆಳಕಿಗೆ ಹಿಡಿದರೆ ಆಚೆಗಿರುವ ಬೆರಳು ಕಾಣುತ್ತೆ, ಅಷ್ಟು ತೆಳು.

ಹಿತ್ತಲ ಬಾಗಿಲ ಬೆಳಕು ಸಾಲದು. ಪೆಂಟಾಕ್ಸಿನಲ್ಲಿ ಬೆಳಕು ಅಳೆಯುವ ಮೀಟರ್ ಮುಳ್ಳು ಕೆಳಗೇ ಬಿದ್ದಿತ್ತು. ಲೆನ್ಸ್ ಪೂರ್ತಿ ತೆರೆದು, ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಇಳಿಸಿದೆ. ಇಷ್ಟು ನಿಧಾನಕ್ಕೆ ಕೈಯಲ್ಲಿ ಹಿಡಿದು ತೆಗೆಯಬೇಕಾದರೆ ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳುವ ಮೊದಲು ಒತ್ತಬೇಕು. ಅಪ್ಪ ಹೇಳಿಕೊಟ್ಟದ್ದು. ದೊಡ್ಡಮ್ಮನ ಕೈ ಓಡುತ್ತಲೇ ಇತ್ತು, ಫೋಟೋದಲ್ಲಿ ಅದು ಹೊಗೆಯ ಹಾಗೆ ಬರುತ್ತೆ ಅಂತ ಗೊತ್ತಿತ್ತು. ಬರಲಿ. ಮುಖ ಅಲುಗದಿದ್ದರೆ ಸಾಕು. ಆಕೆಯ ಕಣ್ಣು ಗಡಿಗೆಯನ್ನು ಬಿಟ್ಟು ಕದಲಲೇ ಇಲ್ಲ. ನಾಲ್ಕು ಫ್ರೇಮ್ ಅಲ್ಲೇ ಹೋಯಿತು. "ಎಂತ ಒಂದನ್ನೇ ಇಷ್ಟು ಸಲ ತೆಗೀತೆ?" ಅಂತ ಕೇಳಿ, ಒಂದು ತೊಡೆದೇವನ್ನು ತುಪ್ಪ ಹಾಕಿ ನನ್ನ ಬಾಯಿಗೇ ಇಟ್ಟರು. ಕೈಯಲ್ಲಿ ಕ್ಯಾಮೆರಾ ಇತ್ತಲ್ಲ.

ಸಂಜೆ ಅಜ್ಜ ತಾವಾಗಿಯೇ ಕರೆದರು. ಆ ಹಳೇ ಪೆಟ್ಟಿಗೆ ಎಂತದು, ಎಲ್ಲರೂ ಹೋದಮೇಲೆ ಯಾಕೆ ಅದನ್ನು ಹೊರಗೆ ತೆಗೆದೆ ಅಂತ ವಿಚಾರಣೆ. ಮೂವತ್ತೇಳನೇ ಫೋಟೋದ ಕತೆ ಹೇಳಿದೆ. ಕಾಳುಮೆಣಸಿನಷ್ಟು ಮುಖದ ಕತೆಯನ್ನೂ ಹೇಳಿದೆ. ಬಚ್ಚಿಡೋದಕ್ಕಿಂತ ಹೇಳಿಬಿಡೋದೇ ಮೇಲು ಅನ್ನಿಸಿತು. ಅವರು ಮಾತಾಡಲಿಲ್ಲ. ಕವಳದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಬಾಯಿಗೆ ಹಾಕಿಕೊಂಡು, ತೋಟದ ಕಡೆ ನೋಡುತ್ತ ಕೂತರು. ಹತ್ತು ನಿಮಿಷ ಬಿಟ್ಟು, "ಈಗ ಎಷ್ಟನೇದು?" ಅಂದರು. ಇಪ್ಪತ್ತು ಆಗಿದೆ ಅಂದೆ. "ಹೂಂ" ಅಂದರು.

ನಾಲ್ಕನೇ ದಿನ

ಯಾಣದ ಬಂಡೆಗಳನ್ನು ನೋಡೋಕೆ ಹೋಗೋದು ಬಿಟ್ಟೆ. ಅಲ್ಲಿನ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಮದುವೆಯಲ್ಲಿ ಹದಿನಾಲ್ಕು ಗಂಟೆ ನಿಂತ ಮೊಣಕಾಲಿಗೆ ಆ ಹತ್ತುವಿಕೆ ಬೇಡವಾಗಿತ್ತು. ಮದುಮಗಳ ಅಣ್ಣ ಸ್ಕೂಟರಿನಲ್ಲಿ ಸಹಸ್ರಲಿಂಗಕ್ಕೆ ಕರೆದುಕೊಂಡು ಹೋದ.

ಶಾಲ್ಮಲಾ ನದಿ ಬೇಸಿಗೆಯಲ್ಲಿ ಇಳಿದಾಗಲೇ ಅಲ್ಲಿಗೆ ಹೋಗಬೇಕು. ಬಂಡೆ ಬಂಡೆಯ ಮೇಲೂ ಲಿಂಗ, ಅದರ ಮುಂದೆ ನಂದಿ. ಸೋದೆಯ ಅರಸ ಸದಾಶಿವರಾಯನ ಕಾಲದ್ದು, ಅಂದರೆ 1678ರಿಂದ 1718ರ ನಡುವಿನದ್ದು ಅಂತಾರೆ. ಮಳೆಗಾಲ ಬಂದರೆ ಮುಕ್ಕಾಲು ಪಾಲು ನೀರಿನಡಿ. ಮುನ್ನೂರು ವರ್ಷದಿಂದ ವರ್ಷಕ್ಕೊಂದು ಸಲ ಮುಳುಗಿ ಏಳುತ್ತಿರುವುದರಿಂದ ಕೆಲವು ಲಿಂಗಗಳು ಸವೆದು ಬರೀ ಗುಂಡುಕಲ್ಲಾಗಿವೆ. ನನಗೆ ಅವೇ ಇಷ್ಟ.

ಅವತ್ತು ಅಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ನಡೆಯುತ್ತಿತ್ತು. ಹುಡುಗಿಗೆ ಕೆಂಪು ಗೌನು. ಅದರ ಬಾಲವೇ ನಾಲ್ಕೈದು ಮೀಟರ್ ಇತ್ತು. ಇಬ್ಬರು ಹುಡುಗರು ಅದನ್ನು ಎತ್ತಿ ಗಾಳಿಗೆ ಹಾರಿಸಿ, ಫ್ರೇಮಿನಿಂದ ಓಡಿ, ಮತ್ತೆ ಬಂದು ಎತ್ತುತ್ತಿದ್ದರು. ಮೂರನೇ ಸಲಕ್ಕೆ ಬಾಲ ನೀರಿಗೆ ಬಿದ್ದು ಒದ್ದೆ ಕಂಬಳಿಯಾಯಿತು. ಹುಡುಗ ಬೂಟುಗಾಲಲ್ಲಿ ಲಿಂಗದ ಬಂಡೆ ಹತ್ತಿದ. ದಡದಲ್ಲಿ ಕೂತ ಹೆಂಗಸೊಬ್ಬಳು ಅಲ್ಲಿಂದಲೇ ಬೈದಳು. ಇಳಿದ.

ನಗಬೇಡಿ, ನಾನೂ ಇಂಥವನ್ನು ಮಾಡ್ತೀನಿ. ಬಾಡಿಗೆ ಅದರಿಂದಲೇ ಬರೋದು. ಅದೇ ಬಂಡೆ, ಅದೇ ಕೋನ, ಹುಡುಗ ಹುಡುಗಿ ಮಾತ್ರ ಬೇರೆ. ನನಗೆ ತಮಾಷೆ ಅನ್ನಿಸೋದು ಏನಂದರೆ, ಮದುವೆಯಾಗಿ ಐದು ವರ್ಷ ಆದಮೇಲೆ ಯಾರೂ ಫೋನ್ ಮಾಡಿ ಗೌನಿನ ಫೋಟೋ ಕೇಳೋದಿಲ್ಲ. "ಮೇಡಂ, ಅವತ್ತು ನಮ್ಮ ನಾಯಿ ಮಂಟಪದ ಹತ್ತಿರ ಬಂದಿತ್ತಲ್ಲ, ಅದರದ್ದೇನಾದ್ರೂ ಇದೆಯಾ?" ಅಂತಾರೆ. "ಹಳೇ ಮನೆ ಕೆಡವಿದ್ವಿ, ಮುಂಬಾಗಿಲು ಹಿಂದೆ ಕಾಣೋ ಹಾಗೆ ಯಾವುದಾದ್ರೂ ಇದೆಯಾ?" ಅಂತಾರೆ. ಗೌನಿನ ಬಾಲ ಎತ್ತಿ ಹಾರಿಸಿದ ಆ ಇಬ್ಬರು ಹುಡುಗರು ಬಿಡುವಿನಲ್ಲಿ ಒಂದೇ ಬಾಟಲಿಯಲ್ಲಿ ನೀರು ಹಂಚಿಕೊಂಡರು. ಅದನ್ನು ರೀಲಿಗೆ ಹಾಕಿಕೊಂಡೆ.

ನಮ್ಮ ಮೈಸೂರಿನವರೇ ಆದ ಪತ್ರಿಕಾ ಫೋಟೋಗ್ರಾಫರ್ ಟಿ. ಎಸ್. ಸತ್ಯನ್ (1923–2009) ನೆನಪಾದರು. 1977ರಲ್ಲಿ ಪದ್ಮಶ್ರೀ ಬಂದವರು. ಅವರ ಚಿತ್ರಗಳಲ್ಲಿ ನನಗೆ ನೆನಪಲ್ಲಿ ಉಳಿದಿರೋದು ಮಕ್ಕಳು, ಬೀದಿಯವರು, ಕೆಲಸದಲ್ಲಿ ಮುಳುಗಿದವರು. ಅಪ್ಪ ಪತ್ರಿಕೆಯಲ್ಲಿ ಬಂದ ಅವರ ಚಿತ್ರಗಳನ್ನು ಕತ್ತರಿಸಿ ಡಾರ್ಕ್‌ರೂಮಿನ ಬಾಗಿಲಿಗೆ ಅಂಟಿಸುತ್ತಿದ್ದರು. "ನೋಡು, ಇವರದ್ದು ಮೂವತ್ತಾರೂ ಮೂವತ್ತೇಳನೆಯದೇ" ಅನ್ನೋರು.

ಮಧ್ಯಾಹ್ನ ಶಿರಸಿಗೆ ಬಂದು ಮಾರಿಕಾಂಬೆಗೆ ಕೈಮುಗಿದು, ಊಟ ಮಾಡಿ ಬನವಾಸಿಗೆ ಹೊರಟೆವು. ಕದಂಬರ ರಾಜಧಾನಿ, ವರದೆಯ ದಂಡೆ, ಮಧುಕೇಶ್ವರ. ಅಲ್ಲಿನ ದೊಡ್ಡ ನಂದಿ ಒಂದು ಕಣ್ಣಲ್ಲಿ ಶಿವನನ್ನು, ಇನ್ನೊಂದರಲ್ಲಿ ಪಾರ್ವತಿಯನ್ನು ನೋಡುತ್ತೆ ಅಂತ ಊರವರು ತೋರಿಸ್ತಾರೆ. ನನಗೆ ಆ ನಂದಿ ಒಳ್ಳೇ ಮದುವೆ ಫೋಟೋಗ್ರಾಫರ್ ಥರ ಕಂಡಿತು, ಗಂಡು ಹೆಣ್ಣು ಎರಡೂ ಕಡೆಯವರ ಮೇಲೆ ಕಣ್ಣು. ಕೆತ್ತನೆಯ ಕಲ್ಲುಮಂಚ ನೋಡಿ ಹೊರಬಂದಾಗ ರಸ್ತೆಯಲ್ಲಿ ಲಾರಿಗೆ ಅನಾನಸು ತುಂಬುತ್ತಿದ್ದರು. ಆ ಕಡೆ ಅನಾನಸು ಬೆಳೆ ಜಾಸ್ತಿ. ಕೆಳಗಿನವನು ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ. ನೋಡದೇ ಹಿಡಿಯುತ್ತಾನೆ! ಹಣ್ಣು ಗಾಳಿಯಲ್ಲಿರುವ ಫೋಟೋ ಬೇಕು ಅಂತ ಆಸೆಬಿದ್ದು ಆರು ಫ್ರೇಮ್ ಕಳೆದೆ. ಸ್ಕೂಟರ್ ಹತ್ತಿ ನೋಡಿದರೆ ಲೆಕ್ಕ 34ಕ್ಕೆ ಬಂದಿತ್ತು.

ಐದನೇ ದಿನ

ರೈಲು ರಾತ್ರಿ. ಬೆಳಗ್ಗೆ ದಬ್ಬೆ ಬಿಚ್ಚಿ ಚಪ್ಪರ ಇಳಿಸುವ ಕೆಲಸ ಶುರುವಾಗಿತ್ತು. ಅದರದ್ದೊಂದು ತೆಗೆದೆ, 35. ಅಡುಗೆ ಮನೆಯಲ್ಲಿ ಮದುಮಗಳ ತಾಯಿ ನನಗೆ ಅಂತ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ತುಂಬುತ್ತಿದ್ದರು. ಮಗಳ ಫೋನು ಬಂತು. ಬಾಟಲಿಯನ್ನು ಸೊಂಟಕ್ಕೆ ಒತ್ತಿಕೊಂಡು, ಫೋನನ್ನು ಹೆಗಲು ಕಿವಿಯ ನಡುವೆ ಸಿಕ್ಕಿಸಿಕೊಂಡು, "ಆಸ್ರಿಗೆ ಕುಡಿದ್ಯಾ?" ಅಂತ ಕೇಳಿದರು. ಅದು 36.

ಜಗುಲಿಗೆ ಬಂದರೆ ಅಜ್ಜ ತಯಾರಾಗಿ ಕೂತಿದ್ದಾರೆ. ಒಗೆದ ಪಂಚೆ. ತಲೆಯ ಮೇಲೆ ಅಡಿಕೆಯ ಹಾಳೆ ಟೊಪ್ಪಿ, ದಿನಾ ತೋಟಕ್ಕೆ ಹಾಕಿಕೊಂಡು ಹೋಗುವುದು.

"ಮೂವತ್ತಾರು ಆತಾ?"

"ಈಗಷ್ಟೇ ಆಯ್ತು ಅಜ್ಜ."

"ಹಂಗಾರೆ ನೋಡು, ಇನ್ನೊಂದು ಬತ್ತಾ?"

ಲಿವರ್ ಎಳೆದೆ. ಅರ್ಧಕ್ಕೆ ಸ್ವಲ್ಪ ಬಿಗಿಯಾದ ಹಾಗೆ ಆಯಿತು. ಎದೆ ಝಲ್ ಅಂತು. ಬಲ ಹಾಕಿದರೆ ಫಿಲ್ಮಿನ ತೂತು ಹರಿಯುತ್ತೆ. ಬೆರಳಲ್ಲಿ ಮೆತ್ತಗೆ ದೂಡಿದೆ. ಪೂರ್ತಿ ಬಂತು. ಅಜ್ಜ ನನ್ನ ಬೆರಳನ್ನೇ ನೋಡುತ್ತಿದ್ದರು, ತಲೆ ಎತ್ತಿ ನನ್ನತ್ತ ನೋಡಿದ ಕೂಡಲೇ ಒತ್ತಿದೆ.

"ಆತಾ? ಈಗ ಟೊಪ್ಪಿ ತೆಗೆದು ಒಂದು ತೆಗಿ. ಇದು ಸುಮ್ನೆ. ಅದು ಗ್ವಾಡೆಗೆ." ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕೂದಲು ಸರಿ ಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು.

ಲಿವರ್ ಕಾಲು ಭಾಗಕ್ಕೇ ನಿಂತಿತು. ಇನ್ನು ಬರೋದಿಲ್ಲ. ಬ್ಯಾಗಿನಿಂದ ಡಿಜಿಟಲ್ ಕ್ಯಾಮೆರಾ ತೆಗೆಯೋಕೆ ಹೋದೆ. ಬೇಡ ಅಂತ ಕೈ ಆಡಿಸಿದರು.

"ಅದ್ರಲ್ಲಿ ಸಾವ್ರ ಬತ್ತು. ಬ್ಯಾಡ."

ಕ್ಯಾಮೆರಾ ಮಗುಚಿ ತಳದ ಗುಂಡಿ ಒತ್ತಿ, ಸಣ್ಣ ಹಿಡಿ ಬಿಚ್ಚಿ, ರೀಲು ಹಿಂದಕ್ಕೆ ಸುತ್ತತೊಡಗಿದೆ. ಅಜ್ಜ ಕಿವಿಗೊಟ್ಟು ಆ ಕಿರಿಕಿರಿ ಶಬ್ದ ಕೇಳಿದರು. ಕೊನೆಗೆ ತುದಿ ಬಿಟ್ಟುಕೊಂಡ ಶಬ್ದವೂ ಬಂತು. ಟೊಪ್ಪಿಯನ್ನು ಮತ್ತೆ ತಲೆಗೆ ಹಾಕಿಕೊಂಡು ಎದ್ದರು.

"ಅಡ್ಡಿಲ್ಲೆ. ಟೊಪ್ಪಿದೇ ಗ್ವಾಡೆಗೆ ಹಾಕಲಿ," ಅಂತ ಹೇಳಿ ತೋಟದ ದಾರಿ ಹಿಡಿದರು.